ಉಪನ್ಯಾಸಕರ ಆಯ್ಕೆ ಕೇಳುಗರ ಪ್ರಶ್ನೆಯಿಂದ ಆರಂಭವಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವೃತ್ತಿಪರ ಸಂಘಸಂಸ್ಥೆಗಳು ನಡೆಸುವ ಸಮ್ಮೇಳನ, ವಿಚಾರಸಂಕಿರಣ ಮತ್ತು ಕಾರ್ಯಾಗಾರಗಳ ವರದಿಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತವೆ. ಉದ್ಘಾಟಿಸಿದವರು ಯಾರು, ಪ್ರಧಾನ ಉಪನ್ಯಾಸ ನೀಡಿದವರು ಯಾರು, ವೇದಿಕೆಯಲ್ಲಿ ಯಾರೆಲ್ಲ ಇದ್ದರು ಎಂಬ ವಿವರ ಅವುಗಳಲ್ಲಿ ತಪ್ಪದೆ ಇರುತ್ತದೆ. ಆದರೆ ಆ ಉಪನ್ಯಾಸದಿಂದ ಸಭೆಯಲ್ಲಿದ್ದವರಿಗೆ ಹೊಸದಾಗಿ ತಿಳಿದದ್ದೇನು ಎಂಬ ಒಂದು ಸಾಲು ಕಾಣಸಿಗುವುದು ಅಪರೂಪ. ವರದಿಗಾರರನ್ನು ದೂರಲು ನಾನು ಈ ಮಾತು ಬರೆಯುತ್ತಿಲ್ಲ. ಬರೆದುಕೊಳ್ಳುವಂಥದ್ದನ್ನು ಉಪನ್ಯಾಸಕರು ಹೇಳದಿದ್ದರೆ ವರದಿಗಾರರಾದರೂ ಏನನ್ನು ಬರೆದಾರು? ತಪ್ಪು ನಡೆಯುವುದು ಅದಕ್ಕಿಂತ ಎಷ್ಟೋ ತಿಂಗಳು ಮೊದಲು, ಉಪನ್ಯಾಸಕರನ್ನು ಆರಿಸಲು ಸಮಿತಿ ಸೇರಿದ ದಿನ. ಕಟ್ಟಡಗಳ ರಚನಾ ವಿನ್ಯಾಸದಲ್ಲಿ ತೊಡಗಿರುವ ಎಂಜಿನಿಯರುಗಳ ಸಂಘವೊಂದರ ಕಾರ್ಯಕ್ರಮ ಸಮಿತಿಯಲ್ಲಿ ನಾನು ಹಲವು ವರ್ಷ ಇದ್ದೆ. ಆ ತಪ್ಪನ್ನು ಸ್ವತಃ ಮಾಡಿದ್ದೇನೆ. ಆದ್ದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯಲು ಅನುಮತಿ ಕೋರುತ್ತೇನೆ.

ಒಂದು ವರ್ಷ ನಮ್ಮ ವಾರ್ಷಿಕ ಸಮ್ಮೇಳನಕ್ಕೆ ಹಳೆಯ ಕಾಂಕ್ರೀಟ್ ಕಟ್ಟಡಗಳ ದುರಸ್ತಿ ಎಂಬ ವಿಷಯ ನಿಗದಿಯಾಗಿತ್ತು. ಮೊದಲ ಸಭೆಯಲ್ಲಿ ಆ ವಿಷಯದಲ್ಲಿ ನಮ್ಮ ಸದಸ್ಯರಿಗೆ ಯಾವುದು ತಿಳಿಯಬೇಕಾಗಿದೆ ಎಂಬ ಚರ್ಚೆಯೇ ನಡೆಯಲಿಲ್ಲ. ಎಲ್ಲರೂ ಬಲ್ಲ ಒಂದು ಹೆಸರು ಬಂತು, ಅವರು ಬಂದರೆ ಸಭಾಂಗಣ ತುಂಬುತ್ತದೆ ಎಂದು ಯಾರೋ ಹೇಳಿದರು, ಹೌದೆಂದು ಉಳಿದವರು ತಲೆಯಾಡಿಸಿದೆವು. ಸಭಾಂಗಣ ತುಂಬಿದ್ದೂ ನಿಜ. ಬಂದ ಗಣ್ಯರು ಯಶಸ್ಸು, ಶಿಸ್ತು ಮತ್ತು ಒಗ್ಗಟ್ಟಿನ ಬಗ್ಗೆ ಒಂದು ಗಂಟೆ ಸೊಗಸಾಗಿ ಮಾತನಾಡಿದರು, ನಡುನಡುವೆ ಚಪ್ಪಾಳೆ ಬಿತ್ತು, ಮಾತು ಮುಗಿಯುತ್ತಿದ್ದಂತೆ ಅವರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಹೋದರು. ಪ್ರಶ್ನೋತ್ತರಕ್ಕೆ ಸಮಯ ಉಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಯುವ ಎಂಜಿನಿಯರ್ ಒಬ್ಬರು ತಮ್ಮ ಮೊಬೈಲಿನಲ್ಲಿ ಒಂದು ಕಂಬದ ಚಿತ್ರವನ್ನು ಇಟ್ಟುಕೊಂಡು ಕಾದಿದ್ದರು. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟ್ ಪದರವನ್ನು ಒಡೆದು ಹೊರಗೆ ಬಂದಿತ್ತು. ಉಪನ್ಯಾಸಕರು ಸಿಗದೆ ಅವರು ನನ್ನ ಬಳಿ ಬಂದರು. ಇದನ್ನು ಈಗಾಗಲೇ ಒಮ್ಮೆ ದುರಸ್ತಿ ಮಾಡಿದ್ದೇವೆ, ದುರಸ್ತಿ ಮಾಡಿದ ಜಾಗದ ಪಕ್ಕದಲ್ಲೇ ಮತ್ತೆ ಹೀಗಾಗಿದೆ, ಈಗೇನು ಮಾಡಲಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಶುಲ್ಕ ಕೊಟ್ಟು, ಒಂದು ದಿನದ ಕೆಲಸ ಬಿಟ್ಟು, ಆ ಒಂದು ಪ್ರಶ್ನೆಗೆಂದೇ ಬಂದಿದ್ದರು. ನಾವು ಅವರನ್ನು ಬರಿಗೈಯಲ್ಲಿ ಕಳಿಸಿದೆವು ಎಂಬುದು ನನ್ನನ್ನು ಬಹಳ ಕಾಲ ಕಾಡಿತು. ಬಂದ ಗಣ್ಯರದು ಇದರಲ್ಲಿ ಯಾವ ತಪ್ಪೂ ಇಲ್ಲ. ಅವರು ತಮಗೆ ಗೊತ್ತಿದ್ದುದನ್ನು ಹೇಳಿದರು, ನಮ್ಮವರಿಗೆ ಏನು ಬೇಕೆಂದು ಅವರಿಗೆ ನಾವು ತಿಳಿಸಿರಲೇ ಇಲ್ಲ.

ಮರುವರ್ಷ ನೋಂದಣಿ ಅರ್ಜಿಯಲ್ಲಿ ಒಂದೇ ಒಂದು ಸಾಲು ಸೇರಿಸಿದೆವು. ತಮ್ಮ ಕೆಲಸದಲ್ಲಿ ಇದುವರೆಗೆ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಬರೆಯಿರಿ ಎಂಬುದೇ ಆ ಸಾಲು. ಬಂದ ಪ್ರಶ್ನೆಗಳನ್ನು ಓದಿದಾಗ ಹಿಂದಿನ ವರ್ಷ ಆ ಯುವಕರು ಕೇಳಿದ ಪ್ರಶ್ನೆಯೇ ಬೇರೆಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕಾಣಿಸಿತು. ಆಮೇಲೆ ಹುಡುಕಾಟ ಸುಲಭವಾಯಿತು, ಏಕೆಂದರೆ ಯಾರು ದೊಡ್ಡವರು ಎಂದು ಹುಡುಕುವ ಬದಲು ಈ ಪ್ರಶ್ನೆಗೆ ಉತ್ತರ ಬಲ್ಲವರು ಯಾರು ಎಂದು ಹುಡುಕತೊಡಗಿದೆವು. ದುರಸ್ತಿ ಕಾಮಗಾರಿಗಳಲ್ಲೇ ತಮ್ಮ ವೃತ್ತಿಜೀವನ ಕಳೆದ, ಹೆಸರಿನ ಹಿಂದೆ ಮುಂದೆ ಬಿರುದುಗಳಿಲ್ಲದ ಒಬ್ಬ ಮಹಿಳೆ ಸಿಕ್ಕರು. ಅವರು ವೇದಿಕೆಗೆ ಬಂದು ಮೊದಲು ತೋರಿಸಿದ್ದು ತಾವೇ ಮಾಡಿಸಿ ವಿಫಲವಾದ ಒಂದು ದುರಸ್ತಿಯ ಚಿತ್ರಗಳನ್ನು. ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಸೇರಿಕೊಂಡ ಕಾಂಕ್ರೀಟಿನಲ್ಲಿ ತೀವ್ರವಾಗಿ ತುಕ್ಕು ಹಿಡಿಯುತ್ತಿರುವ ಭಾಗವು ಆನೋಡ್, ಅಂದರೆ ಲೋಹ ಸವೆಯುವ ತುದಿ, ಆಗಿ ವರ್ತಿಸುತ್ತದೆ, ತಾನು ಸವೆಯುತ್ತಲೇ ಅಕ್ಕಪಕ್ಕದ ಸರಳನ್ನು ಅದು ಒಂದು ಮಟ್ಟಿಗೆ ಕಾಯುತ್ತಿರುತ್ತದೆ. ನಾವು ಆ ಭಾಗವನ್ನಷ್ಟೇ ಕೆತ್ತಿ ತೆಗೆದು ಹೊಸ ಕಾಂಕ್ರೀಟ್ ತುಂಬಿದಾಗ ಅಲ್ಲಿಯ ಸರಳು ಕ್ಷಾರೀಯ ಪರಿಸರದಲ್ಲಿ ಸುರಕ್ಷಿತವಾಗಿ ಕ್ಯಾಥೋಡ್, ಅಂದರೆ ಸವೆಯದೆ ಉಳಿಯುವ ತುದಿ, ಆಗುತ್ತದೆ, ಹಳೆಯ ಕಾಂಕ್ರೀಟಿನಲ್ಲೇ ಉಳಿದ ನೆರೆಯ ಸರಳು ತನಗಿದ್ದ ರಕ್ಷಣೆ ಕಳೆದುಕೊಂಡು ಹೊಸ ಆನೋಡ್ ಆಗುತ್ತದೆ. ತೇಪೆಯ ಅಂಚಿನಲ್ಲೇ ಮತ್ತೆ ಬಿರುಕು ಮೂಡುವುದು ಈ ಕಾರಣಕ್ಕೆ ಎಂದು ಅವರು ವಿವರಿಸಿದರು. ಕಣ್ಣಿಗೆ ಕಾಣುವ ಬಿರುಕಿನ ಸುತ್ತ ಮಾತ್ರ ಕೆತ್ತುವ ಮೊದಲು ಇಡೀ ಕಂಬದ ಅಥವಾ ತೊಲೆಯ ಕ್ಲೋರೈಡ್ ಪ್ರಮಾಣವನ್ನು ಆಳಕ್ಕೆ ತಕ್ಕಂತೆ ಪರೀಕ್ಷಿಸಬೇಕು, ಹಾಫ್‌ ಸೆಲ್ ಪೊಟೆನ್ಷಿಯಲ್ ಅಳತೆಯಿಂದ, ಅಂದರೆ ಸರಳಿನ ವಿದ್ಯುತ್ ವಿಭವವನ್ನು ಅಳೆದು, ತುಕ್ಕಿನ ಸಾಧ್ಯತೆ ಎಲ್ಲೆಲ್ಲಿ ಹೆಚ್ಚಿದೆ ಎಂಬ ನಕ್ಷೆ ಮಾಡಿಕೊಳ್ಳಬೇಕು ಎಂದರು. ಅವರ ದನಿ ಸಣ್ಣದು, ಸ್ಲೈಡುಗಳಲ್ಲಿ ಅಲಂಕಾರವಿರಲಿಲ್ಲ, ಒಂದೆರಡು ಕಡೆ ಮಾತು ತಡವರಿಸಿತು. ಪ್ರಶ್ನೋತ್ತರ ಮಾತ್ರ ಉಪನ್ಯಾಸಕ್ಕಿಂತ ಹೆಚ್ಚು ಹೊತ್ತು ನಡೆಯಿತು, ಊಟದ ವೇಳೆಯಲ್ಲೂ ಅವರ ಸುತ್ತ ಜನ ಕರಗಲಿಲ್ಲ.

ಇಷ್ಟನ್ನು ಹೇಳಿದಾಗ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಹೆಸರಾಂತ ಉಪನ್ಯಾಸಕರ ಬಗ್ಗೆ ಸಭಿಕರು ಅಭಿಪ್ರಾಯ ಪತ್ರದಲ್ಲಿ ಅತ್ಯುತ್ತಮ ಎಂದೇ ಬರೆದಿರುತ್ತಾರಲ್ಲ, ಅದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂಬುದು ಅವರ ವಾದ. ಇದಕ್ಕೆ ಉತ್ತರವಾಗಿ 1970ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವನ್ನು ನೆನಪಿಸಬೇಕು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ಸೇರಿದ ನಾಫ್ಟುಲಿನ್ ಮತ್ತು ಅವರ ಸಂಗಡಿಗರು ಮೈಕೆಲ್ ಫಾಕ್ಸ್ ಎಂಬ ನಟನಿಗೆ ಡಾಕ್ಟರ್ ಮೈರನ್ ಫಾಕ್ಸ್ ಎಂಬ ಹೆಸರು ಕೊಟ್ಟು, ಮಾನವ ವರ್ತನೆಗೆ ಗಣಿತವನ್ನು ಅನ್ವಯಿಸುವುದರಲ್ಲಿ ತಜ್ಞರೆಂದು ಪರಿಚಯಿಸಿ, ವೈದ್ಯರ ಶಿಕ್ಷಣದಲ್ಲಿ ಗಣಿತೀಯ ಗೇಮ್ ಥಿಯರಿ (ಒಬ್ಬರ ನಿರ್ಧಾರ ಇನ್ನೊಬ್ಬರದನ್ನು ಅವಲಂಬಿಸುವ ಸನ್ನಿವೇಶಗಳ ಗಣಿತ) ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿಸಿದರು. ನಟನಿಗೆ ಆ ವಿಷಯದ ಗಂಧವೂ ಇರಲಿಲ್ಲ. ಅರ್ಥವಿಲ್ಲದ ಪಾರಿಭಾಷಿಕ ಪದಗಳು, ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳು, ಸಂಬಂಧವಿಲ್ಲದ ಉಲ್ಲೇಖಗಳು, ಅವುಗಳ ನಡುವೆ ಹಾಸ್ಯ ಮತ್ತು ಆತ್ಮೀಯತೆ, ಇಷ್ಟನ್ನೇ ಬಳಸಿ ಮಾತನಾಡುವಂತೆ ಆತನಿಗೆ ತರಬೇತಿ ಕೊಟ್ಟಿದ್ದರು. ಕೇಳಲು ಕುಳಿತಿದ್ದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯದ ಶಿಕ್ಷಕರು, ಅಂದರೆ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರು. ಮುಂದೆ ಅದೇ ಉಪನ್ಯಾಸದ ವಿಡಿಯೊವನ್ನು ಇನ್ನೆರಡು ಗುಂಪುಗಳಿಗೆ ತೋರಿಸಿದರು. ಮೂರೂ ಗುಂಪುಗಳು ಸೇರಿ 55 ಮಂದಿ. ಬಹುಪಾಲು ಜನ ಉಪನ್ಯಾಸವನ್ನು ಮೆಚ್ಚಿ ಬರೆದರು, ಇದು ನಟನೆ ಎಂದು ಯಾರೂ ಗುರುತಿಸಲಿಲ್ಲ. 1973ರಲ್ಲಿ ಈ ಪ್ರಯೋಗದ ವರದಿ ವೈದ್ಯಕೀಯ ಶಿಕ್ಷಣದ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು.

ಕೇಳುಗರು ದಡ್ಡರೆಂಬ ತೀರ್ಮಾನಕ್ಕೆ ಬಂದು ಈ ಪ್ರಯೋಗವನ್ನು ಪ್ರಸ್ತಾಪಿಸುವವರಿದ್ದಾರೆ, ಅದು ಅನ್ಯಾಯ. ಮೆಚ್ಚುಗೆ ಮತ್ತು ಕಲಿಕೆ ಬೇರೆಬೇರೆ ಎಂಬುದನ್ನಷ್ಟೇ ಅದರಿಂದ ತಿಳಿಯಬೇಕು. ಸಭಾಂಗಣದ ಬಾಗಿಲಲ್ಲಿ ತುಂಬಿಸಿಕೊಂಡ ಅಭಿಪ್ರಾಯ ಪತ್ರವು ಆ ಹೊತ್ತಿನ ಮನಸ್ಸಿನ ಖುಷಿಯನ್ನು ಅಳೆಯುತ್ತದೆ. ಎರಡು ಮೂರು ತಿಂಗಳ ನಂತರ ಅದೇ ಸದಸ್ಯರಿಗೆ ಪತ್ರ ಬರೆದು, ಆ ದಿನ ಕೇಳಿದ್ದರಲ್ಲಿ ತಾವು ಬಳಸಿಕೊಂಡದ್ದು ಏನಾದರೂ ಇದೆಯೇ ಎಂದು ಕೇಳಿದರೆ ಸಿಗುವ ಉತ್ತರ ಬೇರೆಯೇ ಆಗಿರುತ್ತದೆ. ನಮ್ಮ ಸಂಘದಲ್ಲಿ ಹಾಗೆ ಕೇಳಿ ನೋಡಿದ್ದೇವೆ. ಬಾಗಿಲಲ್ಲಿ ಹೆಚ್ಚು ಅಂಕ ಪಡೆದವರ ಹೆಸರನ್ನು ಎಷ್ಟೋ ಮಂದಿ ಆ ವೇಳೆಗೆ ಮರೆತಿದ್ದರು.

ಹಾಗಾದರೆ ಆರಿಸುವುದು ಹೇಗೆ? ಒಬ್ಬರ ಹೆಸರು ಮುಂದೆ ಬಂದಾಗ ಅವರ ಮೂರು ನಿಮಿಷದ ತುಣುಕು ವಿಡಿಯೊ ನೋಡಿ ತೀರ್ಮಾನಿಸುವ ಅಭ್ಯಾಸ ಈಗ ಬಂದಿದೆ. ಆ ತುಣುಕನ್ನು ಯಾರೋ ಅತ್ಯುತ್ತಮ ಕ್ಷಣಗಳನ್ನು ಹೆಕ್ಕಿಯೇ ಮಾಡಿರುತ್ತಾರೆ. ಸಮಿತಿಯ ಕನಿಷ್ಠ ಇಬ್ಬರಾದರೂ ಅವರ ಒಂದು ಪೂರ್ಣ ಉಪನ್ಯಾಸವನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು, ಅದರಲ್ಲೂ ಪ್ರಶ್ನೋತ್ತರದ ಭಾಗವನ್ನು ಬಿಡಬಾರದು. ಸಿದ್ಧಪಡಿಸಿಕೊಂಡ ಮಾತನ್ನು ಯಾರಾದರೂ ಚೆನ್ನಾಗಿ ಹೇಳಬಹುದು. ನಿರೀಕ್ಷಿಸದ ಪ್ರಶ್ನೆ ಬಂದಾಗ ಉಪನ್ಯಾಸಕರು ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆಯೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪುತ್ತಾರೆಯೇ, ಕೇಳಿದವರನ್ನು ಚಿಕ್ಕವರಾಗಿಸದೆ ಉತ್ತರಿಸುತ್ತಾರೆಯೇ ಎಂಬುದರಲ್ಲಿ ಅವರ ವಿದ್ವತ್ತು ಮತ್ತು ಸ್ವಭಾವ ಎರಡೂ ಗೊತ್ತಾಗುತ್ತವೆ. ಅವರನ್ನು ಹಿಂದೆ ಕರೆಸಿದ್ದ ಸಂಸ್ಥೆಯವರನ್ನು ವಿಚಾರಿಸುವುದು ಒಳ್ಳೆಯದು. ಆದರೆ ಹೇಗೆ ಮಾತನಾಡಿದರು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿಯೇ ಎನ್ನುತ್ತಾರೆ. ತಮ್ಮ ಸಭೆಗೆಂದು ಉಪನ್ಯಾಸದಲ್ಲಿ ಏನಾದರೂ ಬದಲಾಯಿಸಿಕೊಂಡು ಬಂದಿದ್ದರೇ, ಮತ್ತೊಮ್ಮೆ ಅವರನ್ನೇ ಕರೆಯುತ್ತೀರಾ ಎಂದು ಕೇಳಿದರೆ ನಿಜ ತಿಳಿಯುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಎದುರಿನವರು ಕ್ಷಣಕಾಲ ತಡೆದರೆ ಅದನ್ನೂ ಗಮನಿಸಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಆಹ್ವಾನ ಖಚಿತಪಡಿಸುವ ಮೊದಲು ನಡೆಸುವ ಅರ್ಧ ಗಂಟೆಯ ದೂರವಾಣಿ ಮಾತುಕತೆಯನ್ನು. ಕೇಳುಗರು ಯಾರು, ಅವರ ಅನುಭವ ಎಷ್ಟು ವರ್ಷದ್ದು, ಇದೇ ವಿಷಯದ ಬಗ್ಗೆ ಹಿಂದೆ ಯಾರು ಏನು ಹೇಳಿದ್ದಾರೆ, ಅವರಲ್ಲಿ ಭಿನ್ನಾಭಿಪ್ರಾಯವಿರುವ ಸಂಗತಿ ಯಾವುದು ಎಂದು ಉಪನ್ಯಾಸಕರೇ ನಮ್ಮನ್ನು ಕೇಳತೊಡಗಿದರೆ ಆಯ್ಕೆ ಸರಿಯಾಗಿದೆ ಎಂದು ತಿಳಿಯಬಹುದು. ದಿನಾಂಕ, ವಾಹನ ಮತ್ತು ವೇದಿಕೆಯ ಮೇಲಿನ ಇತರರ ಹೆಸರುಗಳನ್ನಷ್ಟೇ ವಿಚಾರಿಸಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಎಲ್ಲ ಕಡೆ ಹೇಳಿದ್ದನ್ನೇ ನಮ್ಮಲ್ಲೂ ಹೇಳಿ ಹೋಗುವ ಸಂಭವ ಹೆಚ್ಚು. ನಾವು ಪಡೆದ ಸದಸ್ಯರ ಪ್ರಶ್ನೆಗಳಲ್ಲಿ ಹತ್ತನ್ನು ಆರಿಸಿ ಅವರಿಗೆ ಕಳುಹಿಸುವ ಪದ್ಧತಿಯನ್ನು ಆಮೇಲೆ ಇಟ್ಟುಕೊಂಡೆವು. ಅವುಗಳನ್ನು ಓದಿದ ಒಬ್ಬ ಹಿರಿಯರು, ಇದರಲ್ಲಿ ಎಂಟಕ್ಕೆ ನನಗಿಂತ ನನ್ನ ಕಿರಿಯ ಸಹೋದ್ಯೋಗಿಯೇ ಚೆನ್ನಾಗಿ ಉತ್ತರಿಸಬಲ್ಲರು, ಅವರನ್ನು ಕರೆಯಿರಿ ಎಂದು ಹೇಳಿ ಆ ಕಿರಿಯರ ಹೆಸರನ್ನು ಕೊಟ್ಟರು. ಅವರ ಮೇಲಿನ ನನ್ನ ಗೌರವ ಅಂದು ಇಮ್ಮಡಿಯಾಯಿತು.

ಆಹ್ವಾನ ಪತ್ರದ ಬಗ್ಗೆಯೂ ಒಂದು ಮಾತು. ತಾವು ಬಂದು ಎರಡು ಮಾತನಾಡಿ ಸಭೆಯ ಶೋಭೆ ಹೆಚ್ಚಿಸಬೇಕು ಎಂದು ಬರೆದರೆ ಬಂದವರು ಅದನ್ನೇ ಮಾಡುತ್ತಾರೆ. ಬೇಕಾದ್ದನ್ನು ಸ್ಪಷ್ಟವಾಗಿ ಬರೆಯುವುದಕ್ಕೆ ಒಂದು ಹಳೆಯ ಉದಾಹರಣೆಯಿದೆ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಯೋಧರ ಸ್ಮಶಾನದ ಸಮರ್ಪಣಾ ಸಮಾರಂಭವನ್ನು ಮೊದಲು ಅಕ್ಟೋಬರ್ 23ಕ್ಕೆ ಗೊತ್ತುಮಾಡಿದ್ದರು. ಪ್ರಧಾನ ಭಾಷಣಕಾರರಾಗಿದ್ದ ಎಡ್ವರ್ಡ್ ಎವರೆಟ್ ಸಿದ್ಧತೆಗೆ ಅಷ್ಟು ಕಾಲ ಸಾಲದೆಂದು ತಿಳಿಸಿದಾಗ ಸಂಘಟಕರು ಸಮಾರಂಭವನ್ನೇ ನವೆಂಬರ್ 19ಕ್ಕೆ ಮುಂದೂಡಿದರು. ಅಧ್ಯಕ್ಷ ಲಿಂಕನ್ ಅವರಿಗೆ ಕಳುಹಿಸಿದ ಪತ್ರದಲ್ಲಿ, ಭಾಷಣದ ನಂತರ ಸಂದರ್ಭೋಚಿತವಾದ ಕೆಲವು ಮಾತುಗಳನ್ನಷ್ಟೇ ಆಡಬೇಕೆಂದು ಕೋರಿದ್ದರು. ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದರು, ಲಿಂಕನ್ ಸುಮಾರು ಎರಡು ನಿಮಿಷ. ಲಿಂಕನ್ ಅವರ ಚಿಕ್ಕ ಭಾಷಣವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ಸಂಘಟಕರ ಕೆಲಸ ಮಾಡಿದ ನನಗೆ ಮಾತ್ರ ಆ ಸಮಿತಿಯ ನಡವಳಿಕೆಯೂ ಅಷ್ಟೇ ಅನುಕರಣೀಯವಾಗಿ ಕಾಣುತ್ತದೆ. ಒಬ್ಬರ ಸಿದ್ಧತೆಗಾಗಿ ದಿನವನ್ನು ಬದಲಾಯಿಸಿದರು, ಇನ್ನೊಬ್ಬರು ದೇಶದ ಅಧ್ಯಕ್ಷರಾದರೂ ಅವರಿಂದ ಏನು ಬೇಕೆಂಬುದನ್ನು ಸ್ಪಷ್ಟವಾಗಿ ಬರೆದರು. ನಾವಾದರೋ ಎರಡು ವಾರ ಮೊದಲು ಆಹ್ವಾನಿಸಿ, ಎಷ್ಟು ನಿಮಿಷ ಎಂಬುದನ್ನು ಸಭೆ ಆರಂಭವಾದ ಮೇಲೆ ಚೀಟಿಯಲ್ಲಿ ಬರೆದು ತಿಳಿಸುತ್ತೇವೆ.

ಅವಧಿಯ ಬಗ್ಗೆಯೂ ಹೇಳಬೇಕು. ಮುಂದೆ ಹೆಸರಾಂತ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ 1813ರಲ್ಲಿ, ಇನ್ನೂ 21ರ ಹರೆಯದ ಪ್ರಯೋಗಾಲಯ ಸಹಾಯಕನಾಗಿದ್ದಾಗ, ತಾನು ಕೇಳಿದ ಉಪನ್ಯಾಸಗಳನ್ನು ಗಮನಿಸುತ್ತ ಗೆಳೆಯ ಅಬಟ್‌ಗೆ ಬರೆದ ಪತ್ರಗಳಲ್ಲಿ ಯಾವ ಉಪನ್ಯಾಸವೂ ಒಂದು ಗಂಟೆಯನ್ನು ಮೀರಬಾರದೆಂಬ ಅಭಿಪ್ರಾಯ ಕೊಟ್ಟಿದ್ದಾನೆ. ಆ ಒಂದು ಗಂಟೆಯಲ್ಲೂ ಪ್ರಶ್ನೆಗಳಿಗೆ ಮೂರನೆಯ ಒಂದು ಪಾಲನ್ನು ಮೀಸಲಿಡಬೇಕೆಂದು ನನ್ನ ಅನುಭವ ಹೇಳುತ್ತದೆ.

ಹಣದ ವಿಷಯವನ್ನು ಮುಚ್ಚಿಡುವುದು ಸಲ್ಲದು. ಪ್ರಾಯೋಜಕ ಕಂಪನಿಯೇ ಒಬ್ಬ ತಜ್ಞರನ್ನು ಖರ್ಚಿಲ್ಲದೆ ಕಳುಹಿಸಿಕೊಡುತ್ತೇನೆ ಎಂದಾಗ ಖಜಾಂಚಿಗೆ ಸಂತೋಷವಾಗುವುದು ಸಹಜ. ಆದರೆ ಆ ತಜ್ಞರು ದುರಸ್ತಿಗೆ ಬಳಸುವ ರಾಸಾಯನಿಕವೊಂದರ ತಯಾರಕರ ಸಂಬಳದಲ್ಲಿದ್ದರೆ, ಎಲ್ಲ ಬಿರುಕಿಗೂ ಅದೇ ರಾಸಾಯನಿಕ ಪರಿಹಾರವಾಗಿ ಕಾಣಿಸುವ ಅಪಾಯವಿದೆ. ಉದ್ಯಮದಲ್ಲಿರುವವರನ್ನು ಕರೆಯಲೇಬಾರದೆಂದು ನಾನು ಹೇಳುವುದಿಲ್ಲ, ಎಷ್ಟೋ ಜ್ಞಾನ ಅವರಲ್ಲೇ ಇದೆ. ಅಮೆರಿಕದಲ್ಲಿ ವೈದ್ಯರ ನಿರಂತರ ಶಿಕ್ಷಣಕ್ಕೆ ಮಾನ್ಯತೆ ನೀಡುವ ಮಂಡಳಿಯು 2020ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ, ಉಪನ್ಯಾಸಕರು ಹಿಂದಿನ 24 ತಿಂಗಳಲ್ಲಿ ಔಷಧ ಮತ್ತು ಸಾಧನ ತಯಾರಕರಂಥ ಕಂಪನಿಗಳೊಂದಿಗೆ ಇದ್ದ ಹಣಕಾಸಿನ ಸಂಬಂಧವನ್ನು ಸಂಘಟಕರಿಗೆ ತಿಳಿಸಬೇಕು, ವಿಷಯಕ್ಕೆ ಸಂಬಂಧಪಟ್ಟದ್ದನ್ನು ಕೇಳುಗರಿಗೆ ಮೊದಲೇ ತಿಳಿಯಪಡಿಸಬೇಕು. ಈ ಕ್ರಮ ಯಾವ ವೃತ್ತಿಗೂ ಒಪ್ಪುವಂಥದ್ದು. ಇನ್ನು ಸ್ವತಂತ್ರವಾಗಿ ಬರುವವರಿಗೆ ಸಂಭಾವನೆ ಎಷ್ಟು, ಪ್ರಯಾಣದ ವೆಚ್ಚ ಯಾರದು ಎಂಬುದನ್ನು ಮೊದಲ ಪತ್ರದಲ್ಲೇ ಬರೆಯಬೇಕು. ವಾರಗಟ್ಟಲೆ ಸಿದ್ಧತೆ ಮಾಡಿಕೊಂಡು ಬಂದವರನ್ನು ಹಾರ ಹಾಕಿ ಕಳುಹಿಸಿಬಿಡುವುದು, ಅವರು ಕೇಳಲಾರರು ಎಂಬ ಧೈರ್ಯದಿಂದ ಮಾಡುವ ಅನ್ಯಾಯ.

ಪ್ರತಿ ವರ್ಷ ಅದೇ ನಾಲ್ಕೈದು ಮಂದಿ ವೇದಿಕೆಗಳನ್ನು ಸುತ್ತುತ್ತಿರುವುದಕ್ಕೂ ಕಾರಣ ನಾವೇ. ಸಮಿತಿಯವರು ತಮಗೆ ಪರಿಚಯವಿದ್ದವರ ಹೆಸರನ್ನೇ ಹೇಳುತ್ತೇವೆ, ನಮ್ಮ ಪರಿಚಯದವರು ಬಹುಮಟ್ಟಿಗೆ ನಮ್ಮ ವಯಸ್ಸಿನವರು, ನಮ್ಮಂಥವರೇ ಆಗಿರುತ್ತಾರೆ. ಕೆಲಸದ ಸ್ಥಳದಲ್ಲಿ ಕಷ್ಟದ ಸಮಸ್ಯೆ ಬಂದಾಗ ನೀವು ಯಾರಿಗೆ ಫೋನ್ ಮಾಡುತ್ತೀರಿ ಎಂದು ಸದಸ್ಯರನ್ನು ಕೇಳಿ ನೋಡಿದರೆ, ವೇದಿಕೆ ಹತ್ತಿಯೇ ಇರದ ಎಷ್ಟೋ ಹೆಸರುಗಳು ಹೊರಬರುತ್ತವೆ. ಅವರಲ್ಲಿ ಕೆಲವರಿಗೆ ಸಭೆಯಲ್ಲಿ ಮಾತನಾಡಿ ಅಭ್ಯಾಸವಿರುವುದಿಲ್ಲ. ಅಂಥವರಿಗೆ ಇನ್ನೊಬ್ಬರು ಪ್ರಶ್ನೆ ಕೇಳುತ್ತ ಹೋಗುವ ಸಂವಾದದ ರೂಪ ಅನುಕೂಲ, ಅಥವಾ ಸಮಿತಿಯ ಒಬ್ಬರು ಮೊದಲೇ ಕುಳಿತು ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಎಲ್ಲಿ ಬಿಡಿಸಿ ಹೇಳಬೇಕೆಂದು ತಿಳಿಸಬಹುದು. ಮಾತುಗಾರಿಕೆಯನ್ನು ಒಂದು ಮಟ್ಟಿಗೆ ಕಲಿಸಬಹುದು, 20 ವರ್ಷದ ಅನುಭವವನ್ನು ಒಂದು ವಾರದಲ್ಲಿ ಯಾರಿಗೂ ಕೊಡಲಾಗದು.

ಗಣ್ಯರನ್ನು ಕರೆಯಬಾರದೆಂದು ಈ ಪತ್ರದ ಅರ್ಥವಲ್ಲ. ಸಂಸ್ಥೆಗೆ ನೆರವಾದ ಹಿರಿಯರನ್ನು ಗೌರವಿಸಬೇಕು, ಅವರು ಕಾರ್ಯಕ್ರಮವನ್ನು ಉದ್ಘಾಟಿಸಿ ಹತ್ತು ನಿಮಿಷ ಆಶೀರ್ವದಿಸಲಿ. ಒಂದು ವೃತ್ತಿಯ ಜನ ಕಷ್ಟದ ವರ್ಷವನ್ನು ಕಳೆದು ಬಳಲಿದ್ದಾಗ ಮನಸ್ಸಿಗೆ ಬಲ ಕೊಡುವ ಮಾತುಗಾರರು ಬೇಕಾಗುತ್ತಾರೆ, ಆಗ ಆ ಉದ್ದೇಶವನ್ನು ಹೇಳಿಯೇ ಅವರನ್ನು ಕರೆಯಬೇಕು. ಗೌರವಿಸಬೇಕಾದವರಿಗೆ ಉಪನ್ಯಾಸದ ಅವಧಿಯನ್ನೇ ಉಡುಗೊರೆಯಾಗಿ ಕೊಡುವುದನ್ನು ಮಾತ್ರ ನಿಲ್ಲಿಸಬೇಕು. ಆ ಒಂದು ಗಂಟೆ ಸಮಿತಿಯ ಸ್ವತ್ತಲ್ಲ. ಸಭೆಯಲ್ಲಿ 200 ಮಂದಿ ಕುಳಿತಿದ್ದರೆ ಅದು ಅವರೆಲ್ಲರ 200 ಗಂಟೆ. ಪ್ರಭಾವಿಗಳೊಬ್ಬರು ತಮ್ಮ ಪರಿಚಿತರ ಹೆಸರನ್ನು ಸೂಚಿಸಿದಾಗ ಅದನ್ನು ನಿರಾಕರಿಸುವುದು ಸಂಕೋಚದ ಕೆಲಸ, ನನಗೆ ಗೊತ್ತು. ಸದಸ್ಯರು ಬರೆದು ಕಳಿಸಿದ ಪ್ರಶ್ನೆಗಳ ಕಟ್ಟು ಕೈಯಲ್ಲಿದ್ದರೆ ಆ ಸಂಕೋಚ ಎಷ್ಟೋ ಕಡಿಮೆಯಾಗುತ್ತದೆ. ಈ ಪ್ರಶ್ನೆಗಳಿಗೆ ಅವರು ಉತ್ತರಿಸುವುದಾದರೆ ಖಂಡಿತ ಕರೆಯೋಣ ಎಂದು ವಿನಯದಿಂದಲೇ ಹೇಳಬಹುದು.

ಕೊನೆಯದಾಗಿ ತಮ್ಮ ಪತ್ರಿಕೆಗೆ ಒಂದು ವಿನಂತಿ. ಇಂಥ ಕಾರ್ಯಕ್ರಮಗಳಿಗೆ ಹೋಗುವ ವರದಿಗಾರರು ವೇದಿಕೆಯ ಮೇಲಿನವರ ಜೊತೆಗೆ ಹಿಂದಿನ ಸಾಲುಗಳಲ್ಲಿ ಕುಳಿತ ಒಬ್ಬಿಬ್ಬರನ್ನೂ ಮಾತನಾಡಿಸಿ, ಇಂದು ತಮಗೆ ಹೊಸದಾಗಿ ತಿಳಿದದ್ದೇನು ಎಂದು ಕೇಳಿ, ಅವರ ಉತ್ತರವನ್ನು ವರದಿಯಲ್ಲಿ ಸೇರಿಸಲಿ. ಮರುದಿನ ಪತ್ರಿಕೆಯಲ್ಲಿ ಆ ಸಾಲು ಬರುತ್ತದೆಂದು ಗೊತ್ತಾದರೆ, ಮುಂದಿನ ವರ್ಷದ ಉಪನ್ಯಾಸಕರನ್ನು ಆರಿಸಲು ಕುಳಿತ ಸಮಿತಿಯು ಹೆಸರುಗಳ ಪಟ್ಟಿಯನ್ನು ಬಿಚ್ಚುವ ಮೊದಲು ಸದಸ್ಯರ ಪ್ರಶ್ನೆಗಳನ್ನು ತರಿಸಿಕೊಂಡೀತು.

ಇಂತಿ ತಮ್ಮ ವಿಶ್ವಾಸಿ,
ವೃತ್ತಿಪರ ಸಂಘವೊಂದರ ಕಾರ್ಯಕ್ರಮ ಸಮಿತಿಯ ಮಾಜಿ ಸಂಚಾಲಕರು